ಎರಡು ಪ್ರಶ್ನೆ, ಒಂದೇ ಕೆಲಸ: ಎಂಜಿನಿಯರ್ ಮತ್ತು ಮ್ಯಾನೇಜರ್

ಪಿಯುಸಿಗೆ ಅರ್ಜಿ ತುಂಬುವ ದಿನದಿಂದಲೇ ನಮ್ಮಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ವಿಜ್ಞಾನ ತೆಗೆದುಕೊಂಡವರು ಎಂಜಿನಿಯರ್ ಆಗುತ್ತಾರೆ, ವಾಣಿಜ್ಯ ತೆಗೆದುಕೊಂಡವರು ಲೆಕ್ಕ ಬರೆಯುತ್ತಾರೆ ಅಥವಾ ಮ್ಯಾನೇಜರ್ ಆಗುತ್ತಾರೆ. ವಿಜ್ಞಾನದ ಗೆಳೆಯರು ನಮ್ಮನ್ನು ನೋಡಿ, "ಮ್ಯಾನೇಜರ್ ಮಾಡುವುದಾದರೂ ಏನು, ಸಹಿ ಹಾಕುವುದು ತಾನೇ?" ಎನ್ನುತ್ತಾರೆ. ನಾವೂ ಬಿಡುವುದಿಲ್ಲ. "ನಾಳೆ ನಿಮಗೆ ಸಂಬಳ ಕೊಡುವವರು ನಾವೇ" ಎನ್ನುತ್ತೇವೆ. ಕ್ಯಾಂಟೀನಿನ ತಮಾಷೆಗೆ ಇದು ಸರಿ. ಆದರೆ ಇನ್ನು ಐದಾರು ವರ್ಷಗಳಲ್ಲಿ ನಮ್ಮಲ್ಲಿ ಹಲವರು ಒಂದೇ ಮೇಜಿನ ಎರಡು ಬದಿಯಲ್ಲಿ ಕೂರುವವರಿದ್ದೇವೆ. ಅಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗದೆ ಹೋದರೆ ನಷ್ಟ ಆಗುತ್ತದೆ. ಒಮ್ಮೆ ಏಳು ಜನರ ಪ್ರಾಣವೇ ಹೋಗಿದೆ. ಆದ್ದರಿಂದ ಈ ಎರಡು ಕೆಲಸಗಳು ಎಲ್ಲಿ ಬೇರೆ, ಎಲ್ಲಿ ಕೂಡುತ್ತವೆ ಎಂಬುದನ್ನು ಈ ಲೇಖನದಲ್ಲಿ ತಿಳಿಯಲು ಪ್ರಯತ್ನಿಸೋಣ.

ನಮ್ಮ ಪಠ್ಯದಲ್ಲೇ ಇರುವ ಇಬ್ಬರು ಎಂಜಿನಿಯರುಗಳು

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಎರಡನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಹೆನ್ರಿ ಫೆಯೋಲ್ ಅವರ 14 ತತ್ವಗಳು ಮತ್ತು ಎಫ್. ಡಬ್ಲ್ಯು. ಟೇಲರ್ ಅವರ ವೈಜ್ಞಾನಿಕ ನಿರ್ವಹಣೆ. ಪರೀಕ್ಷೆಗೆ ನಾವು ಇವರ ಹೆಸರನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಇವರಿಬ್ಬರೂ ಎಂಜಿನಿಯರುಗಳು ಎಂಬುದು ಎಷ್ಟು ಜನರ ಗಮನಕ್ಕೆ ಬಂದಿದೆ?

ಫೆಯೋಲ್ 1841ರಲ್ಲಿ ಇಸ್ತಾಂಬುಲ್ ನಗರದಲ್ಲಿ ಹುಟ್ಟಿದ ಫ್ರೆಂಚ್ ಪ್ರಜೆ. ಗಣಿ ಎಂಜಿನಿಯರಿಂಗ್ ಓದಿ 1860ರಲ್ಲಿ, ಅಂದರೆ 19ನೇ ವಯಸ್ಸಿನಲ್ಲಿ, ಕಲ್ಲಿದ್ದಲು ಗಣಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ನೆಲದಡಿಯಲ್ಲಿ ಕಲ್ಲಿದ್ದಲಿಗೆ ಹತ್ತಿಕೊಳ್ಳುವ ಬೆಂಕಿಯನ್ನು ತಡೆಯುವುದು ಅವರ ಮೊದಲ ವರ್ಷಗಳ ದೊಡ್ಡ ಕೆಲಸವಾಗಿತ್ತು. 1888ರಲ್ಲಿ ಅದೇ ಕಂಪನಿ ದಿವಾಳಿ ಆಗುವ ಹಂತಕ್ಕೆ ಬಂದಾಗ ಅದರ ಮುಖ್ಯಸ್ಥರಾದರು. ಗಣಿಗಳು ಅವೇ, ಕೆಲಸಗಾರರೂ ಹೆಚ್ಚುಕಡಿಮೆ ಅವರೇ. ಬದಲಾದದ್ದು ಕಂಪನಿಯನ್ನು ನಡೆಸುವ ರೀತಿ. 1918ರಲ್ಲಿ ಅವರು ನಿವೃತ್ತರಾದಾಗ ಕಂಪನಿ ಗಟ್ಟಿಯಾಗಿ ನಿಂತಿತ್ತು. ಈ ಅನುಭವದಿಂದಲೇ ಅವರು 1916ರಲ್ಲಿ ತಮ್ಮ ತತ್ವಗಳನ್ನು ಪ್ರಕಟಿಸಿದರು. ಒಂದು ಉದ್ಯಮದ ಕೆಲಸಗಳನ್ನು ಅವರು ಆರು ಗುಂಪುಗಳಾಗಿ ವಿಂಗಡಿಸಿದರು: ತಾಂತ್ರಿಕ, ವಾಣಿಜ್ಯ, ಹಣಕಾಸು, ಭದ್ರತೆ, ಲೆಕ್ಕಪತ್ರ ಮತ್ತು ನಿರ್ವಹಣೆ. ಕೆಳಗಿನ ಹಂತದ ಕೆಲಸಗಾರನಿಗೆ ತಾಂತ್ರಿಕ ಸಾಮರ್ಥ್ಯ ಮುಖ್ಯ. ಮೇಲಕ್ಕೆ ಹೋದಂತೆ ತಾಂತ್ರಿಕ ಸಾಮರ್ಥ್ಯದ ಪಾಲು ಕಡಿಮೆಯಾಗಿ ನಿರ್ವಹಣಾ ಸಾಮರ್ಥ್ಯದ ಪಾಲು ಹೆಚ್ಚುತ್ತದೆ ಎಂದು ಅವರು ಹೇಳಿದರು. ಅಂದರೆ ನಿರ್ವಹಣೆ ಎನ್ನುವುದು ತಾಂತ್ರಿಕ ಜ್ಞಾನದ ಜೊತೆಗೆ ತಾನಾಗಿ ಬರುವ ಗುಣವಲ್ಲ, ಬೇರೆಯಾಗಿ ಕಲಿಯಬೇಕಾದ ವಿದ್ಯೆ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಒಬ್ಬರು ಒಬ್ಬ ಎಂಜಿನಿಯರ್.

ಟೇಲರ್ ಅಮೆರಿಕದವರು. ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಕಲಿತು, ನಂತರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು. ಅವರು ಯೋಜನೆ ಮಾಡುವವರನ್ನೂ ಕೆಲಸ ಮಾಡುವವರನ್ನೂ ಬೇರೆ ಮಾಡಿದರು. ಅವರ ಫಂಕ್ಷನಲ್ ಫೋರ್‌ಮನ್‌ಶಿಪ್‌ನಲ್ಲಿ ಒಬ್ಬ ಕೆಲಸಗಾರನ ಮೇಲೆ ಎಂಟು ಮೇಲ್ವಿಚಾರಕರು: ನಾಲ್ವರು ಯೋಜನೆಯ ಕಡೆ, ನಾಲ್ವರು ಉತ್ಪಾದನೆಯ ಕಡೆ. ಫೆಯೋಲ್ ಇದಕ್ಕೆ ವಿರುದ್ಧ. ಒಬ್ಬನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂಬುದು ಅವರ ಆದೇಶದ ಏಕತೆಯ ತತ್ವ. ಪರೀಕ್ಷೆಯಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಬರೆಯಿರಿ ಎಂದು ಕೇಳಿದಾಗ ನಾವು ಇದನ್ನು ಗೆರೆ ಎಳೆದು ಬರೆಯುತ್ತೇವೆ. ನಿಜವಾಗಿ ನೋಡಿದರೆ ಇದು ಇಂದಿನ ಪ್ರತಿ ಕಾರ್ಖಾನೆಯ, ಪ್ರತಿ ಸಾಫ್ಟ್‌ವೇರ್ ಕಂಪನಿಯ ಪ್ರಶ್ನೆ. ವಿಷಯ ಬಲ್ಲವನ ಮಾತು ಕೇಳಬೇಕೋ, ಮೇಲಿರುವವನ ಮಾತು ಕೇಳಬೇಕೋ?

ಟೇಲರ್ ವಿಧಾನಕ್ಕೆ ಇನ್ನೊಂದು ಮುಖವೂ ಇತ್ತು. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರಾಗಾರದಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯಲು ಬಂದಾಗ ಅಚ್ಚು ಎರಕದ ಕೆಲಸಗಾರರು ಮುಷ್ಕರ ಹೂಡಿದರು. ಅಲ್ಲಿನ ಸಂಸತ್ತು ವಿಚಾರಣಾ ಸಮಿತಿಯನ್ನೇ ನೇಮಿಸಿತು. ಯಂತ್ರವನ್ನು ಅಳೆದಂತೆ ಮನುಷ್ಯನನ್ನು ಅಳೆಯಲು ಹೋದರೆ ಮನುಷ್ಯ ಮಾತನಾಡುತ್ತಾನೆ. ಈ ಪಾಠ ಎಂಜಿನಿಯರುಗಳಿಗೂ ಬೇಕು.

ಇಬ್ಬರ ಪ್ರಶ್ನೆಗಳು

ಊರಿನ ಹಳ್ಳಕ್ಕೆ ಒಂದು ಸೇತುವೆ ಕಟ್ಟಬೇಕು ಎಂದುಕೊಳ್ಳೋಣ. ಎಂಜಿನಿಯರ್ ಕೇಳುವುದು ಇವನ್ನು: ತಳದ ಮಣ್ಣು ಎಷ್ಟು ಗಟ್ಟಿ ಇದೆ? ಮಳೆಗಾಲದಲ್ಲಿ ನೀರು ಎಷ್ಟು ಎತ್ತರ ಬರುತ್ತದೆ? ತುಂಬಿದ ಲಾರಿ ಹೋದರೆ ತಡೆಯುತ್ತದೆಯೇ? ಎಷ್ಟು ಕಬ್ಬಿಣ, ಎಷ್ಟು ಸಿಮೆಂಟ್? ಮ್ಯಾನೇಜರ್ ಕೇಳುವುದು ಬೇರೆ: ಹಣ ಎಲ್ಲಿಂದ, ಯಾವ ಕಂತಿನಲ್ಲಿ ಬರುತ್ತದೆ? ಮಳೆಗಾಲಕ್ಕೆ ಮೊದಲು ಮುಗಿಯುತ್ತದೆಯೇ? ಕೆಲಸಗಾರರು ಸಿಗುತ್ತಾರೆಯೇ? ಅಲ್ಲಿಯವರೆಗೆ ಶಾಲೆಗೆ ಹೋಗುವ ಮಕ್ಕಳು ಯಾವ ದಾರಿಯಲ್ಲಿ ಹೋಗಬೇಕು? ಜಾಗ ಕಳೆದುಕೊಳ್ಳುವ ರೈತನಿಗೆ ಏನು ಕೊಡಬೇಕು?

ಗಮನಿಸಿ, ಎಂಜಿನಿಯರನ ಪ್ರಶ್ನೆಗಳಿಗೆ ಉತ್ತರ ಕೊಡುವುದು ಮಣ್ಣು, ನೀರು, ಕಬ್ಬಿಣ. ಮ್ಯಾನೇಜರನ ಪ್ರಶ್ನೆಗಳಿಗೆ ಉತ್ತರ ಕೊಡುವವರು ಮನುಷ್ಯರು. ಮನುಷ್ಯರೊಂದಿಗೆ ಮಾತುಕತೆ ಸಾಧ್ಯ. ಬ್ಯಾಂಕಿನವರನ್ನು ಒಪ್ಪಿಸಬಹುದು, ಗುತ್ತಿಗೆದಾರನೊಂದಿಗೆ ಚೌಕಾಸಿ ಮಾಡಬಹುದು, ಉದ್ಘಾಟನೆಯ ದಿನವನ್ನು ಮುಂದೂಡಬಹುದು. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28 ದಿನಗಳ ನಂತರ ಪರೀಕ್ಷಿಸುತ್ತಾರೆ. ಹತ್ತನೇ ದಿನ ಮಂತ್ರಿಗಳು ಬರುತ್ತಾರೆ, ಸ್ವಲ್ಪ ಬೇಗ ಗಟ್ಟಿಯಾಗು ಎಂದರೆ ಕಾಂಕ್ರೀಟ್ ಕೇಳುವುದಿಲ್ಲ. ಯಾವುದರಲ್ಲಿ ಚೌಕಾಸಿ ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂದು ತಿಳಿದಿರುವುದೇ ಇಬ್ಬರೂ ಒಟ್ಟಿಗೆ ಕೆಲಸ ಮಾಡುವ ಗುಟ್ಟು ಎಂದು ನನಗೆ ಅನಿಸುತ್ತದೆ.

ಇದು ದೊಡ್ಡ ಕಂಪನಿಗಳ ಮಾತು ಮಾತ್ರವಲ್ಲ. ನನ್ನ ಮಾಮು, ಅಂದರೆ ಅಮ್ಮಿಯ ತಮ್ಮ, ಒಬ್ಬ ಸ್ನೇಹಿತರ ಜೊತೆ ಸೇರಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಮಾಮು ಲೇತ್ ಮೇಲೆ ನಿಲ್ಲುವವರು. ಪಾಲುದಾರರು ಗಿರಾಕಿಗಳೊಂದಿಗೆ ಮಾತನಾಡುವುದು, ಕೊಟೇಷನ್ ಕೊಡುವುದು, ಜಿಎಸ್‌ಟಿ ಬಿಲ್ ಮಾಡುವುದು, ಬಾಕಿ ವಸೂಲಿ ಮಾಡುವುದು. ಅಕ್ಕಿ ಗಿರಣಿಯವರು ಬಂದು ಶಾಫ್ಟ್ ನಾಳೆಯೇ ಬೇಕು ಎಂದರೆ ಪಾಲುದಾರರು ಆಯ್ತು ಎನ್ನುವುದಿಲ್ಲ, ಮಾಮು ಕಡೆ ನೋಡುತ್ತಾರೆ. ಎಷ್ಟು ದಿನ ಬೇಕು ಎಂದು ಹೇಳುವುದು ಮಾಮು. ಎಷ್ಟು ಹಣ, ಎಷ್ಟು ಅಡ್ವಾನ್ಸ್ ಎಂದು ಹೇಳುವುದು ಪಾಲುದಾರರು. ಅಳತೆ ಸರಿ ಬರದ ಮಾಲನ್ನು ಮಾಮು ಹೊರಗೆ ಬಿಡುವುದಿಲ್ಲ. ಅದರಲ್ಲಿ ಪಾಲುದಾರರು ಬಾಯಿ ಹಾಕುವುದಿಲ್ಲ. ಹಳೇ ಬಾಕಿ ಇಟ್ಟುಕೊಂಡ ಗಿರಾಕಿಗೆ ಮತ್ತೆ ಸಾಲ ಕೊಡುವುದಿಲ್ಲ ಎಂದು ಪಾಲುದಾರರು ಅಂದರೆ ಮಾಮು ಬಾಯಿ ಹಾಕುವುದಿಲ್ಲ. ಇಬ್ಬರೂ ಫೆಯೋಲ್ ಹೆಸರು ಕೇಳಿದವರಲ್ಲ. ಆದರೆ ಅಧಿಕಾರ ಮತ್ತು ಜವಾಬ್ದಾರಿಯ ತತ್ವವನ್ನು ದಿನಾ ಪಾಲಿಸುತ್ತಿದ್ದಾರೆ.

ಹಣದ ಪ್ರಶ್ನೆಗೆ ಉತ್ತರಿಸಿದ ಎಂಜಿನಿಯರ್

ಎಂಜಿನಿಯರುಗಳು ಹಣದ ಪ್ರಶ್ನೆಯನ್ನು ಅಡ್ಡಿ ಎಂದು ತಿಳಿಯುವುದುಂಟು. ನಮ್ಮ ಕನ್ನಂಬಾಡಿ ಕಟ್ಟೆಯ ಕಥೆ ಇದಕ್ಕೆ ಒಳ್ಳೆಯ ಉತ್ತರ. ಸರ್ ಎಂ. ವಿಶ್ವೇಶ್ವರಯ್ಯ ಅವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದರು. ಕಾವೇರಿಗೆ ದೊಡ್ಡ ಅಣೆಕಟ್ಟು ಕಟ್ಟುವ ಅವರ ಯೋಜನೆಯನ್ನು ಸಂಸ್ಥಾನದ ಹಣಕಾಸು ಅಧಿಕಾರಿಗಳು ಪ್ರಶ್ನಿಸಿದರು. ಇಷ್ಟೊಂದು ಹಣ ಹಾಕಿದರೆ ವಾಪಸ್ ಬರುತ್ತದೆಯೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ? ಇದು ನ್ಯಾಯವಾದ ಪ್ರಶ್ನೆ.

ವಿಶ್ವೇಶ್ವರಯ್ಯ ಅವರು ಸೇತುವೆ, ಗೋಡೆ, ಗೇಟುಗಳ ವಿವರ ಹೇಳಿ ಸುಮ್ಮನಾಗಲಿಲ್ಲ. ಶಿವನಸಮುದ್ರದ ವಿದ್ಯುತ್ 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಇಳಿದರೆ ವಿದ್ಯುತ್ ಕಡಿಮೆ. ಮೇಲೆ ಜಲಾಶಯವಿದ್ದರೆ ವರ್ಷವಿಡೀ ನೀರು ಬಿಡಬಹುದು, ಗಣಿಗಳಿಗೆ ಹೆಚ್ಚು ವಿದ್ಯುತ್ ಮಾರಬಹುದು, ಆ ಆದಾಯ ಬರುತ್ತದೆ ಎಂದು ತೋರಿಸಿದರು. ನೀರಾವರಿಯ ಲಾಭ ಇದರ ಜೊತೆಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರು ನಕ್ಷೆಯ ಜೊತೆ ನಗದು ಹರಿವನ್ನೂ ಮುಂದಿಟ್ಟರು. 1911ರಲ್ಲಿ ಕೆಲಸ ಶುರುವಾಯಿತು. ಮರುವರ್ಷ ಅವರೇ ದಿವಾನರಾದರು. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿಯ ಗಾರೆ ಬಳಸಿ ಕಟ್ಟಿದ ಆ ಅಣೆಕಟ್ಟು ಪೂರ್ಣಗೊಳ್ಳಲು ಸುಮಾರು 20 ವರ್ಷ ಹಿಡಿಯಿತು.

ಅದು ಮುಗಿಯುವ ಹೊತ್ತಿಗೆ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರಿನ ಆಡಳಿತ ನೋಡಿದವರು. ಅವರು ಎಂಜಿನಿಯರ್ ಅಲ್ಲ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪದವೀಧರ. ಆದರೆ ಊರೂರಿನ ರಸ್ತೆ, ಚರಂಡಿ, ಉದ್ಯಾನಗಳನ್ನು ಸ್ವತಃ ಹೋಗಿ ನೋಡುವ ಅಭ್ಯಾಸ ಅವರಿಗಿತ್ತು. ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ಬಂದದ್ದು ಅವರ ಕಾಲದಲ್ಲಿ. ಒಬ್ಬ ಎಂಜಿನಿಯರ್ ಹಣದ ಭಾಷೆ ಕಲಿತರು, ಒಬ್ಬ ಆಡಳಿತಗಾರ ಕಟ್ಟಡದ ಭಾಷೆ ಕಲಿತರು. ಇನ್ನೊಂದು ಮಾತನ್ನೂ ಮರೆಯಬಾರದು. ಆ ನೀರಿನಲ್ಲಿ ಹಳೆಯ ಕನ್ನಂಬಾಡಿ ಊರು ಮುಳುಗಿತು. ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದು ಎಂಜಿನಿಯರಿಂಗ್ ಲೆಕ್ಕ. ಮನೆ ಬಿಟ್ಟವರು ಎಲ್ಲಿಗೆ ಹೋಗಬೇಕು ಎಂಬುದು ಆಡಳಿತದ ಲೆಕ್ಕ. ಎರಡೂ ಒಂದೇ ಯೋಜನೆಯ ಭಾಗ.

ಸೋಲಿನ ದಿನ ಯಾರು ಮಾತನಾಡಬೇಕು?

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ವಿದ್ಯಾರ್ಥಿಗಳ ಸಭೆಗಳಲ್ಲಿ ಹಲವು ಸಲ ಹೇಳಿದ ಒಂದು ಘಟನೆ ಇದೆ. ಅವರು ಎಸ್‌ಎಲ್‌ವಿ-3 ರಾಕೆಟ್ ಯೋಜನೆಯ ನಿರ್ದೇಶಕರಾಗಿದ್ದರು. ಇಸ್ರೋ ಅಧ್ಯಕ್ಷರಾಗಿದ್ದವರು ಪ್ರೊ. ಸತೀಶ್ ಧವನ್. ಅದೇ ಸಮಯದಲ್ಲಿ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಮೊದಲ ಉಡಾವಣೆ. ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ತಡೆ ಹಾಕಿತು. ಕಲಾಂ ಅವರ ಜೊತೆಗಿದ್ದ ತಜ್ಞರು ಲೆಕ್ಕ ನೋಡಿ, ತೊಂದರೆ ಇಲ್ಲ, ಹೋಗಬಹುದು ಎಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಉಡಾವಣೆಗೆ ಒಪ್ಪಿದರು. ಮೊದಲ ಹಂತ ಚೆನ್ನಾಗಿ ನಡೆಯಿತು. ಎರಡನೇ ಹಂತದಲ್ಲಿ ನಿಯಂತ್ರಣ ತಪ್ಪಿತು. ಅದರ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿದ್ದು ಕಾರಣ ಎಂದು ಆಮೇಲೆ ತಿಳಿಯಿತು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು.

ಪತ್ರಕರ್ತರು ಕಾಯುತ್ತಿದ್ದರು. ಸಾರ್ವಜನಿಕರ ಹಣ ಸಮುದ್ರದ ಪಾಲಾಯಿತು ಎಂಬ ಮಾತು ಬರುವುದು ಖಂಡಿತ. ಧವನ್ ಕಲಾಂ ಅವರನ್ನು ಮುಂದೆ ಬಿಡದೆ ತಾವೇ ಪತ್ರಿಕಾಗೋಷ್ಠಿ ನಡೆಸಿದರು. ಸೋಲಿನ ಹೊಣೆ ತಮ್ಮದು, ತಂಡ ಕಷ್ಟಪಟ್ಟು ಕೆಲಸ ಮಾಡಿದೆ, ಅದಕ್ಕೆ ಇನ್ನಷ್ಟು ಬೆಂಬಲ ಬೇಕು, ಒಂದು ವರ್ಷದೊಳಗೆ ಗೆಲ್ಲುತ್ತೇವೆ ಎಂಬ ಅರ್ಥದ ಮಾತನ್ನಾಡಿದರು. ಮುಂದಿನ ವರ್ಷ, 1980ರ ಜುಲೈ 18ರಂದು, ಅದೇ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರೊಂದಿಗೆ ಮಾತನಾಡಲು ಧವನ್ ಕಲಾಂ ಅವರನ್ನು ಕಳುಹಿಸಿದರು.

ಇದನ್ನು ಸಾಮಾನ್ಯವಾಗಿ ನಾಯಕತ್ವದ ಕಥೆ ಎಂದು ಹೇಳುತ್ತಾರೆ. ನಮ್ಮ ವಿಷಯಕ್ಕೆ ಇದರಲ್ಲಿ ಇನ್ನೂ ಒಂದು ಅಂಶವಿದೆ. ಧವನ್ ಸ್ವತಃ ದೊಡ್ಡ ಏರೋನಾಟಿಕಲ್ ಎಂಜಿನಿಯರ್. ತಪ್ಪು ಎಲ್ಲಾಯಿತು ಎಂದು ಆ ದಿನವೇ ತಂಡವನ್ನು ನಿಲ್ಲಿಸಿ ಕೇಳಬಹುದಿತ್ತು. ಆದರೆ ಆ ಸಂಜೆ ಅವರು ಮಾಡಿದ್ದು ಎಂಜಿನಿಯರ್ ಕೆಲಸವಲ್ಲ, ಮ್ಯಾನೇಜರ್ ಕೆಲಸ. ಹೊರಗಿನ ಒತ್ತಡ ತಂಡದ ಮೇಲೆ ಬೀಳದಂತೆ ತಡೆದರು. ತಂಡಕ್ಕೆ ತಪ್ಪು ಹುಡುಕಲು ಸಮಯ ಸಿಕ್ಕಿತು. ಭಯದಲ್ಲಿರುವ ಎಂಜಿನಿಯರ್ ತಪ್ಪನ್ನು ಮುಚ್ಚಿಡುತ್ತಾನೆ. ಭಯವಿಲ್ಲದವನು ಹುಡುಕಿ ತೋರಿಸುತ್ತಾನೆ.

ಟೋಪಿ ಬದಲಾದ ರಾತ್ರಿ

ಈಗ ಇದಕ್ಕೆ ಪೂರ್ಣ ವಿರುದ್ಧವಾದ ಘಟನೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಒಡೆದುಹೋಯಿತು. ಅದರಲ್ಲಿದ್ದ ಏಳು ಜನರೂ ತೀರಿಕೊಂಡರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ, ಕ್ರಿಸ್ಟಾ ಮೆಕಾಲಿಫ್. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಟಿವಿಯಲ್ಲಿ ಅದನ್ನು ನೇರವಾಗಿ ನೋಡುತ್ತಿದ್ದರು.

ನೌಕೆಯ ಎರಡು ಬದಿಯ ಬೂಸ್ಟರ್ ರಾಕೆಟ್‌ಗಳನ್ನು ತುಂಡು ತುಂಡಾಗಿ ಮಾಡಿ ಜೋಡಿಸುತ್ತಿದ್ದರು. ಜೋಡಣೆಯಲ್ಲಿ ಬಿಸಿ ಅನಿಲ ಸೋರದಂತೆ ಓ-ರಿಂಗ್ ಎಂಬ ರಬ್ಬರಿನ ಉಂಗುರ ಇರುತ್ತಿತ್ತು. ನಮ್ಮ ಪ್ರೆಶರ್ ಕುಕ್ಕರಿನ ಮುಚ್ಚಳದ ಗ್ಯಾಸ್ಕೆಟ್ ಇದ್ದಂತೆ ಎಂದುಕೊಳ್ಳಿ. ರಬ್ಬರ್ ಚಳಿಗೆ ಗಡಸಾಗುತ್ತದೆ. ಬೇಗ ಅಗಲಿಸಿಕೊಂಡು ಸಂದನ್ನು ಮುಚ್ಚುವುದಿಲ್ಲ. ಬೂಸ್ಟರ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳಾದ ರೋಜರ್ ಬೋಜೊಲೆ ಮುಂತಾದವರಿಗೆ ಇದು ಗೊತ್ತಿತ್ತು. ಹಿಂದಿನ ರಾತ್ರಿ ಹವಾಮಾನ ತೀರಾ ತಣ್ಣಗಾಗುತ್ತದೆ ಎಂದು ತಿಳಿದಾಗ, ಅಂದರೆ ಜನವರಿ 27ರ ಸಂಜೆ, ಕಂಪನಿಯವರು ಮತ್ತು ನಾಸಾ ಅಧಿಕಾರಿಗಳು ಫೋನಿನಲ್ಲಿ ಸಭೆ ನಡೆಸಿದರು. ಉಷ್ಣತೆ 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ, ಕಡಿಮೆ ಇದ್ದರೆ ಹಾರಿಸಬೇಡಿ ಎಂಬುದು ಎಂಜಿನಿಯರುಗಳ ಸಲಹೆಯಾಗಿತ್ತು.

ಉಡಾವಣೆ ಆಗಲೇ ಹಲವು ಸಲ ಮುಂದಕ್ಕೆ ಹೋಗಿತ್ತು. ನಾಸಾ ಅಧಿಕಾರಿಗಳು ಈ ಸಲಹೆಯನ್ನು ಬಲವಾಗಿ ಪ್ರಶ್ನಿಸಿದರು. ಕಂಪನಿಯವರು ಐದು ನಿಮಿಷ ನಮ್ಮೊಳಗೆ ಮಾತನಾಡುತ್ತೇವೆ ಎಂದು ಫೋನ್ ಬದಿಗಿಟ್ಟರು. ಆ ಐದು ನಿಮಿಷ ಅರ್ಧ ಗಂಟೆಯಾಯಿತು. ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷ ಬಾಬ್ ಲಂಡ್ ಅವರಿಗೆ ಅವರ ಮೇಲಧಿಕಾರಿ ಜೆರಾಲ್ಡ್ ಮೇಸನ್, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂಬ ಅರ್ಥದಲ್ಲಿ ಹೇಳಿದರು. ಲಂಡ್ ತಮ್ಮ ಅಭಿಪ್ರಾಯ ಬದಲಿಸಿದರು. ಕೊನೆಯ ತೀರ್ಮಾನವನ್ನು ಮ್ಯಾನೇಜರುಗಳು ಮಾತ್ರ ತೆಗೆದುಕೊಂಡರು. ಹಾರಿಸಬಹುದು ಎಂಬ ಉತ್ತರ ಹೋಯಿತು. ಉಡಾವಣಾ ಕೇಂದ್ರದಲ್ಲಿದ್ದ ಕಂಪನಿಯ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದರು. ಸಹಿ ಬೇರೆ ಕಡೆಯಿಂದ ಬಂತು.

'ಸಹಿ ಹಾಕುವುದು ತಾನೇ' ಎಂದು ನಾವು ತಮಾಷೆ ಮಾಡುತ್ತೇವಲ್ಲ, ಆ ಸಹಿಯ ತೂಕ ಇಷ್ಟು.

ಇಲ್ಲಿ ತಪ್ಪು ಎಲ್ಲಿ? ಮ್ಯಾನೇಜರುಗಳು ಕೆಟ್ಟವರು, ಎಂಜಿನಿಯರುಗಳು ಒಳ್ಳೆಯವರು ಎಂದು ಹೇಳಿದರೆ ಸುಲಭ. ಆದರೆ ಆ ಮ್ಯಾನೇಜರುಗಳಲ್ಲಿ ಹಲವರು ಸ್ವತಃ ಎಂಜಿನಿಯರುಗಳೇ. ನನಗೆ ಕಾಣುವಂತೆ ಮೂರು ತಪ್ಪುಗಳಿವೆ.

ಮೊದಲನೆಯದು, ಚಳಿಯೊಂದಿಗೆ ಚೌಕಾಸಿಗೆ ಕೂತದ್ದು. ಲಂಡ್ ಉತ್ತರಿಸಬೇಕಾಗಿದ್ದ ಪ್ರಶ್ನೆ ಒಂದೇ: ಈ ಚಳಿಯಲ್ಲಿ ರಿಂಗ್ ಮುಚ್ಚುತ್ತದೆಯೇ? ಟೋಪಿ ಬದಲಿಸಿದಾಗ ಅವರು ಉತ್ತರಿಸಿದ್ದು ಬೇರೆ ಪ್ರಶ್ನೆಗೆ: ಗಿರಾಕಿಗೆ ಏನು ಹೇಳಿದರೆ ಒಳ್ಳೆಯದು? ಎರಡನೇ ಪ್ರಶ್ನೆ ಕೇಳುವುದು ತಪ್ಪಲ್ಲ. ಮೊದಲನೆಯದರ ಜಾಗದಲ್ಲಿ ಅದನ್ನು ಕೂರಿಸಿದ್ದು ತಪ್ಪು.

ಎರಡನೆಯದು, ಸಾಬೀತು ಮಾಡುವ ಹೊರೆ ತಲೆಕೆಳಗಾದದ್ದು. ಹಾರಿಸುವವರು ಇದು ಸುರಕ್ಷಿತ ಎಂದು ತೋರಿಸಬೇಕು. ಆ ರಾತ್ರಿ ಎಂಜಿನಿಯರುಗಳಿಗೆ ಇದು ಅಪಾಯಕಾರಿ ಎಂದು ಸಾಬೀತು ಮಾಡಿ ಎನ್ನುವಂತಾಯಿತು.

ಮೂರನೆಯದು ಎಂಜಿನಿಯರುಗಳ ಕಡೆಯದು. ಅವರ ಬಳಿ ಹಿಂದಿನ ಹಾರಾಟಗಳ ಮಾಹಿತಿ ಇತ್ತು. ಆದರೆ ಪ್ರತಿ ಹಾರಾಟದ ದಿನದ ಉಷ್ಣತೆ ಎಷ್ಟು, ರಿಂಗಿಗೆ ಹಾನಿ ಆಗಿತ್ತೇ ಇಲ್ಲವೇ ಎಂದು ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ತೋರಿಸಲಿಲ್ಲ. ಹಾಗೆ ತೋರಿಸಿದ್ದರೆ ಚಳಿ ಹೆಚ್ಚಾದಂತೆ ಹಾನಿ ಹೆಚ್ಚು ಎಂಬುದು ಕಣ್ಣಿಗೆ ಹೊಡೆಯುತ್ತಿತ್ತು. ಸಂಖ್ಯಾಶಾಸ್ತ್ರದ ಪಾಠದಲ್ಲಿ ನಾವು ಬಿಡಿಸುವ ಚುಕ್ಕಿ ನಕ್ಷೆ ಅದು.

ಆಮೇಲೆ ನೇಮಕವಾದ ವಿಚಾರಣಾ ಆಯೋಗದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದ್ದರು. ಐಸ್ ನೀರಿನಲ್ಲಿ ರಬ್ಬರಿನ ತುಂಡನ್ನು ಅದ್ದಿ, ಅದು ಬೇಗ ಮೊದಲಿನ ಆಕಾರಕ್ಕೆ ಬರುವುದಿಲ್ಲ ಎಂದು ಎಲ್ಲರ ಮುಂದೆ ತೋರಿಸಿದವರು ಅವರೇ. ನೌಕೆ ನಾಶವಾಗುವ ಸಾಧ್ಯತೆ ಎಷ್ಟು ಎಂದು ಅವರು ಕೇಳಿದಾಗ, ಕೆಲಸ ಮಾಡುವ ಎಂಜಿನಿಯರುಗಳ ಅಂದಾಜು 100ಕ್ಕೆ 1ರ ಆಸುಪಾಸಿನಲ್ಲಿತ್ತು. ಮೇಲಿನ ಆಡಳಿತದ ಅಂದಾಜು 1,00,000ಕ್ಕೆ 1. ಎರಡನೆಯದು ನಿಜವಾದರೆ ಸುಮಾರು 300 ವರ್ಷ ದಿನಕ್ಕೊಂದು ನೌಕೆ ಹಾರಿಸಿದರೂ ಒಂದೇ ಒಂದು ನಾಶವಾಗಬೇಕು. ಒಂದೇ ಸಂಸ್ಥೆಯ ಒಳಗೆ ಇಬ್ಬರ ಲೆಕ್ಕದಲ್ಲಿ ಸಾವಿರ ಪಟ್ಟು ಅಂತರ! ಕೆಳಗೆ ಗೊತ್ತಿದ್ದದ್ದು ಮೇಲಕ್ಕೆ ಹೋಗುವಾಗ ಸೋರಿಹೋಗಿತ್ತು.

17 ವರ್ಷಗಳ ನಂತರ, 2003ರ ಫೆಬ್ರವರಿ 1ರಂದು, ಕೊಲಂಬಿಯಾ ನೌಕೆ ಹಿಂದಿರುಗುವಾಗ ನಾಶವಾಯಿತು. ನಮ್ಮ ದೇಶದಲ್ಲಿ ಹುಟ್ಟಿ, ಏರೋಸ್ಪೇಸ್ ಎಂಜಿನಿಯರ್ ಆಗಿದ್ದ ಕಲ್ಪನಾ ಚಾವ್ಲಾ ಅದರಲ್ಲಿದ್ದರು. ಹಾರುವಾಗಲೇ ನೌಕೆಯ ರೆಕ್ಕೆಗೆ ಪೆಟ್ಟು ಬಿದ್ದಿರಬಹುದು, ಚಿತ್ರ ತೆಗೆಸಿ ನೋಡೋಣ ಎಂದು ಎಂಜಿನಿಯರುಗಳು ಕೇಳಿದ್ದರು. ಆ ಚಿತ್ರಗಳನ್ನು ತೆಗೆಸಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ಎಂಜಿನಿಯರ್ ಮತ್ತು ಮ್ಯಾನೇಜರ್ ನಡುವೆ ಮಾತು ಕೆಟ್ಟರೆ ಬಡವಾಗುವುದು ಆ ಯಂತ್ರವನ್ನು ನಂಬಿ ಕೂತವರು.

ಹಾಗಾದರೆ ಒಟ್ಟಿಗೆ ಕೆಲಸ ಮಾಡುವುದು ಹೇಗೆ?

ನಮ್ಮ ಮನೆಗಳಲ್ಲಿ ಮಶ್ವರಾ ಎಂಬ ಮಾತು ಬಳಸುತ್ತೇವೆ. ಮದುವೆ ಇರಲಿ, ಅಂಗಡಿ ಬಾಡಿಗೆಗೆ ಹಿಡಿಯುವುದಿರಲಿ, ಬಲ್ಲವರನ್ನು ಕೂರಿಸಿಕೊಂಡು ಸಲಹೆ ಕೇಳುವುದೇ ಮಶ್ವರಾ. ಕೇಳಿದ ಮೇಲೆ, ನಾನು ಅಂದುಕೊಂಡದ್ದನ್ನೇ ನೀವೂ ಹೇಳಿ ಎಂದು ಒತ್ತಾಯಿಸಿದರೆ ಅದು ಮಶ್ವರಾ ಆಗುವುದಿಲ್ಲ. ಮೇಲಿನ ಘಟನೆಗಳಿಂದ ನಾವು ತೆಗೆದುಕೊಳ್ಳಬಹುದಾದ ಕೆಲವು ಅಂಶಗಳನ್ನು ಹೀಗೆ ಬರೆಯಬಹುದು:

1. ಯಾವ ತೀರ್ಮಾನ ಯಾರದು ಎಂದು ಕೆಲಸ ಶುರುವಾಗುವ ಮೊದಲೇ ಗೊತ್ತಿರಬೇಕು. ಸುರಕ್ಷತೆಯ ವಿಷಯದಲ್ಲಿ ಕೆಲಸ ನಿಲ್ಲಿಸುವ ಅಧಿಕಾರ ವಿಷಯ ಬಲ್ಲವರ ಕೈಯಲ್ಲಿರಬೇಕು. ಜಗಳ ಬಂದ ದಿನ ಇದನ್ನು ತೀರ್ಮಾನಿಸಲು ಹೋದರೆ ದೊಡ್ಡ ದನಿಯವರು ಗೆಲ್ಲುತ್ತಾರೆ.

2. ಎಂಜಿನಿಯರ್ 'ಆಗುವುದಿಲ್ಲ' ಎಂದು ಹೇಳಿ ಸುಮ್ಮನಾಗಬಾರದು. ಏಕೆ ಆಗುವುದಿಲ್ಲ, ಏನು ಮಾಡಿದರೆ ಆಗುತ್ತದೆ, ಅದಕ್ಕೆ ಎಷ್ಟು ದಿನ, ಎಷ್ಟು ಹಣ ಎಂದು ಎಲ್ಲರಿಗೂ ತಿಳಿಯುವಂತೆ ಅಂಕಿಗಳಲ್ಲಿ ತೋರಿಸಬೇಕು. ವಿಶ್ವೇಶ್ವರಯ್ಯ ಮಾಡಿದ್ದು ಇದನ್ನೇ.

3. ಮ್ಯಾನೇಜರ್ 'ಯಾವಾಗ ಮುಗಿಯುತ್ತದೆ' ಎಂದು ಮಾತ್ರ ಕೇಳಬಾರದು. 'ನಿಮಗೆ ಇದರಲ್ಲಿ ಭಯ ಇರುವುದು ಎಲ್ಲಿ' ಎಂದೂ ಕೇಳಬೇಕು. ಉತ್ತರ ಇಷ್ಟವಾಗದಿದ್ದರೂ ಕೊನೆಯವರೆಗೆ ಕೇಳಬೇಕು.

4. ಕೆಟ್ಟ ಸುದ್ದಿ ತಂದವನಿಗೆ ಶಿಕ್ಷೆಯಾದರೆ ಮುಂದಿನ ಸಲ ಸುದ್ದಿಯೇ ಬರುವುದಿಲ್ಲ. ಹೊರಗಿನವರ ಮುಂದೆ ಸೋಲನ್ನು ಹೊರುವುದು, ಗೆಲುವನ್ನು ತಂಡಕ್ಕೆ ಬಿಡುವುದು ಮ್ಯಾನೇಜರನ ಕೆಲಸ.

ಇನ್ನೊಂದು ಮಾತು. ಒಳ್ಳೆಯ ಎಂಜಿನಿಯರನಿಗೆ ಬಡ್ತಿ ಎಂದರೆ ಮ್ಯಾನೇಜರ್ ಕುರ್ಚಿ ಎಂಬ ಅಭ್ಯಾಸ ಅನೇಕ ಕಡೆ ಇದೆ. ಇದರಿಂದ ಕೆಲವೊಮ್ಮೆ ಕಂಪನಿ ಒಬ್ಬ ಒಳ್ಳೆಯ ಎಂಜಿನಿಯರನನ್ನು ಕಳೆದುಕೊಂಡು ಒಬ್ಬ ಸಾಧಾರಣ ಮ್ಯಾನೇಜರನನ್ನು ಪಡೆಯುತ್ತದೆ. ಅದಕ್ಕೇ ಬೆಂಗಳೂರಿನ ಹಲವು ಸಾಫ್ಟ್‌ವೇರ್ ಕಂಪನಿಗಳಲ್ಲಿ ಎರಡು ಏಣಿಗಳಿವೆ. ಜನರನ್ನು ನಡೆಸಲು ಇಷ್ಟಪಡುವವರು ಒಂದನ್ನು ಹತ್ತಬಹುದು. ತಾಂತ್ರಿಕ ಕೆಲಸದಲ್ಲೇ ಇರಲು ಬಯಸುವವರು ಇನ್ನೊಂದನ್ನು ಹತ್ತಿ ಸಂಬಳದಲ್ಲೂ ಗೌರವದಲ್ಲೂ ಮೇಲಕ್ಕೆ ಹೋಗಬಹುದು.

ನಮಗೆ ಇದರಿಂದ ಏನು?

ವಾಣಿಜ್ಯ ವಿಭಾಗದ ಸ್ನೇಹಿತರೇ, ನಾಳೆ ನಾವು ಬಿ.ಕಾಂ, ಬಿಬಿಎ, ಸಿಎ ಏನೇ ಓದಿದರೂ ಯಂತ್ರ, ಕಟ್ಟಡ, ಔಷಧಿ, ಆ್ಯಪ್ ತಯಾರಿಸುವವರ ಜೊತೆಗೇ ಕೆಲಸ ಮಾಡಬೇಕು. ಅವರ ಖರ್ಚಿಗೆ ಒಪ್ಪಿಗೆ ಕೊಡುವ ಅಥವಾ ಕತ್ತರಿ ಹಾಕುವ ಕೈ ನಮ್ಮದಾಗಿರಬಹುದು. ಯಾವ ಸಾಲಿಗೆ ಕತ್ತರಿ ಹಾಕಿದರೆ ಲಾಭ, ಯಾವ ಸಾಲಿಗೆ ಹಾಕಿದರೆ ಅಪಾಯ ಎಂದು ತಿಳಿಯಲು ಅವರ ಕೆಲಸದ ಅರಿವು ಬೇಕು. ವಿಜ್ಞಾನ ವಿಭಾಗದ ಸ್ನೇಹಿತರೇ, ನಿಮ್ಮ ಒಳ್ಳೆಯ ಯೋಚನೆ ಕಾಗದದಲ್ಲೇ ಉಳಿಯಬಾರದು ಎಂದಾದರೆ ಅದರ ಖರ್ಚು, ಆದಾಯ, ಸಮಯವನ್ನು ನೀವೂ ಲೆಕ್ಕ ಹಾಕಬೇಕು.

ಇದಕ್ಕೆ ಐದಾರು ವರ್ಷ ಕಾಯಬೇಕಾಗಿಲ್ಲ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ವಿಜ್ಞಾನದವರು ಮಾದರಿಗಳನ್ನು ಮಾಡುತ್ತಾರೆ, ನಾವು ನೋಡಿ ಫೋಟೋ ತೆಗೆದುಕೊಂಡು ಬರುತ್ತೇವೆ. ಮುಂದಿನ ಸಲ ಪ್ರತಿ ತಂಡದಲ್ಲಿ ಒಬ್ಬ ವಾಣಿಜ್ಯ ವಿದ್ಯಾರ್ಥಿ ಇರಲಿ. ಮಾದರಿಗೆ ಎಷ್ಟು ಖರ್ಚಾಯಿತು, ನಿಜವಾಗಿ ತಯಾರಿಸಿದರೆ ಎಷ್ಟಾಗುತ್ತದೆ, ಯಾರು ಕೊಳ್ಳುತ್ತಾರೆ ಎಂಬ ಒಂದು ಪುಟದ ಲೆಕ್ಕವನ್ನು ಆ ವಿದ್ಯಾರ್ಥಿ ಬರೆಯಲಿ. ಅದು ಏಕೆ ಕೆಲಸ ಮಾಡುತ್ತದೆ, ಎಲ್ಲಿ ಕೆಡಬಹುದು ಎಂದು ತಂಡದವರು ಆ ವಿದ್ಯಾರ್ಥಿಗೆ ಅರ್ಥವಾಗುವವರೆಗೆ ವಿವರಿಸಲಿ. ಎರಡೂ ವಿಭಾಗದ ಉಪನ್ಯಾಸಕರು ಇದಕ್ಕೆ ಅವಕಾಶ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ದಿನ ಸ್ವಲ್ಪ ಜಗಳ ಆಗಬಹುದು. ಈ ವಯಸ್ಸಿನಲ್ಲಿ, ಒಂದು ಥರ್ಮೋಕೋಲ್ ಮಾದರಿಯ ಮುಂದೆ ಆ ಜಗಳ ಆಗಿಹೋಗುವುದೇ ಒಳ್ಳೆಯದು.